ಕ್ವಿಂಬಿ ಹಾಲೊ ಶಾಲೆಯ ಕೊನೆಯ ಒಣದ್ರಾಕ್ಷಿ ಪೈ

ಮಾರ್ಚ್ ತಿಂಗಳ ಎರಡನೇ ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆಗೆ ಸರಿಯಾಗಿ ರೂಫಸ್ ಲಬಾಂಟೆ ಹಿಮ ತಳ್ಳುವ ಲಾರಿಯ ಎಂಜಿನ್ ಆಫ್ ಮಾಡಿದ. ಪೊಲಾರ್ಡ್ ರಸ್ತೆಯೊಂದು ಬಾಕಿ ಉಳಿದಿತ್ತು. ಅಲ್ಲಿ ಮೊಣಕಾಲುದ್ದ ಹಿಮ ಬಿದ್ದು ಹದಿನಾಲ್ಕು ಮನೆಗಳು ಅದರ ಹಿಂದೆ ಸಿಕ್ಕಿಕೊಂಡಿದ್ದವು. ಆದರೆ ಬೆಳಗಿನ ಜಾವ ನಾಲ್ಕಕ್ಕೆ ಶುರುವಾದ ಅವನ ಡ್ಯೂಟಿಗೆ ಐದು ಗಂಟೆ ತುಂಬಿತ್ತು. ಐದರ ಮೇಲೆ ಒಂದು ನಿಮಿಷಕ್ಕೂ ಓವರ್‌ಟೈಮ್ ಕೊಡಕೂಡದೆಂದು ಹೋದ ವರ್ಷದ ಸಭೆಯಲ್ಲಿ ಊರೇ ಕೈ ಎತ್ತಿ ತೀರ್ಮಾನಿಸಿತ್ತು. ಊರಿನ ಮಾತನ್ನು ಮೀರಲು ರೂಫಸ್ ಯಾರು? ಬರೀ ಡ್ರೈವರ್.

ಯಾವ ರಸ್ತೆ ಮೊದಲು ಎಂಬ ಪಟ್ಟಿಯನ್ನೂ ಊರೇ ಮಾಡಿತ್ತು, ಬಹಳ ಬುದ್ಧಿ ಖರ್ಚು ಮಾಡಿ. ಮೊದಲು ಗುಡ್ಡದ ರಸ್ತೆ. ಅಲ್ಲಿ ದೊಡ್ಡ ಮನೆಗಳವರಿರುತ್ತಾರೆ, ದೊಡ್ಡ ತೆರಿಗೆ ಕಟ್ಟುತ್ತಾರೆ, ಅದಕ್ಕಿಂತ ದೊಡ್ಡ ದನಿಯಲ್ಲಿ ಗೊಣಗುತ್ತಾರೆ. ಎರಡನೆಯದು ಕೆರೆ ರಸ್ತೆ. ಅಲ್ಲಿರುವುದೆಲ್ಲ ಹೊರಗಿನವರ ಬೇಸಿಗೆ ಮನೆಗಳು, ಜೂನ್‌ವರೆಗೆ ಬೀಗ. ಆದರೂ ರೂಫಸ್ ಪ್ರತಿ ಸಲ ಅದನ್ನು ಕನ್ನಡಿ ಹಾಗೆ ಗುಡಿಸುತ್ತಿದ್ದ, ಪಾಪ ಅಳಿಲುಗಳು ಕಾಲು ಜಾರಿ ಬಿದ್ದರೆ? ಆಮೇಲೆ ಪೇಟೆ ಬೀದಿ. ಕಟ್ಟಕಡೆಗೆ ಪೊಲಾರ್ಡ್ ರಸ್ತೆ. ಅಲ್ಲಿ ಇರುವವರು ಬರೀ ಮಕ್ಕಳು, ಮಕ್ಕಳ ಅಪ್ಪ ಅಮ್ಮಂದಿರು. ಕ್ವಿಂಬಿ ಹಾಲೊ ಶಾಲೆಯ ಅರವತ್ತೊಂದು ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳು ಆ ರಸ್ತೆಯವರೇ.

ಇವತ್ತು ಶಾಲೆಯ ಬಜೆಟ್ಟಿಗೆ ಊರು ಓಟು ಹಾಕುವ ದಿನ. ಎಂಥಾ ಟೈಮಿಂಗು ನೋಡಿ.

ಲಾರಿಯನ್ನು ಶಾಲೆಯ ಅಂಗಳದಲ್ಲಿ ನಿಲ್ಲಿಸಿ ರೂಫಸ್ ಹಿಂಬಾಗಿಲಿನಿಂದ ಅಡುಗೆಮನೆಗೆ ನುಗ್ಗಿದ. ಇಪ್ಪತ್ತೇಳು ವರ್ಷದ ಹುಡುಗ, ಆರಡಿ ಎತ್ತರ, ಬಾಗಿಲು ತೆರೆಯುವುದಕ್ಕೂ ಒಂದು ಹೀರೋ ಸ್ಟೈಲು. ಹಳೇ ಕುದುರೆ-ಪಿಸ್ತೂಲಿನ ಸಿನಿಮಾಗಳನ್ನು ನೋಡಿ ನೋಡಿ ಅವನ ಬಾಯಲ್ಲಿ ಸಾದಾ ಮಾತೇ ಬರುತ್ತಿರಲಿಲ್ಲ.

"ಅರ್ಲೀನ್ ಲಬಾಂಟೆ! ನಿನ್ನ ಮಗ ಬಂದಿದ್ದಾನೆ. ಹಿಮನೂ ನಡುಗ್ತಿದೆ, ಹೊಟ್ಟೆನೂ ನಡುಗ್ತಿದೆ."

"ಬೂಟು ಒರೆಸ್ಕೊಂಡ್ ಬಾರೋ, ಕೋತಿ," ಎಂದಳು ಅವನ ಅಮ್ಮ, ತಿರುಗಿಯೂ ನೋಡದೆ.

ಇಪ್ಪತ್ತಮೂರು ವರ್ಷದಿಂದ ಅರ್ಲೀನ್ ಈ ಒಲೆಯ ಮುಂದೆ ನಿಂತಿದ್ದಳು. ರೂಫಸ್ ಒಂದರಿಂದ ಆರನೇ ಕ್ಲಾಸಿನವರೆಗೆ ಅವಳ ಕೈಯ ಬಿಸಿ ಊಟ ತಿಂದೇ ಈ ಎತ್ತರಕ್ಕೆ ಬಂದಿದ್ದ. ಇವತ್ತು ಸಭೆಗೆ ಬಂದವರಿಗೆ ಬೇಯಿಸಿದ ಬೀನ್ಸು, ಹಂದಿ ಮಾಂಸ, ಆಮೇಲೆ ಹಿಟ್ಟಿನೊಳಗೆ ಹಣ್ಣು ತುಂಬಿ ಸುಟ್ಟ ಪೈ. ಅದನ್ನು ಮಾರಿ ಬಂದ ದುಡ್ಡಲ್ಲಿ ಆರನೇ ಕ್ಲಾಸಿನ ಮಕ್ಕಳು ಒಂದು ದಿನದ ಪ್ರವಾಸ ಹೋಗುತ್ತಾರೆ. ಸಭೆಯಲ್ಲಿ ಶಾಲೆಗೆ ಕಾಸು ಕೊಡೆವು ಅನ್ನುವವರೂ ಊಟದ ಸಾಲಿನಲ್ಲಿ ಮೊದಲು ನಿಲ್ಲುತ್ತಿದ್ದರು. ಅವರ ಪ್ರಕಾರ ಅದು ಬೇರೆ ವಿಷಯ.

ಮೇಜಿನ ಮೇಲೆ ಸೇಬಿನ ಪೈ ಹತ್ತಿದ್ದವು. ಒಣದ್ರಾಕ್ಷಿಯದು ಒಂದೇ ಒಂದು.

"ಒಂದೇನಾ? ಪ್ರತಿ ವರ್ಷ ನಾಲ್ಕು ಮಾಡ್ತಿದ್ದೆ."

"ಸೇಬು ಪೊಲಾರ್ಡ್ ರಸ್ತೆ ಟಾನ್ಸಿ ಕೊಟ್ಟಿದ್ದು, ಪುಕ್ಸಟ್ಟೆ. ಒಣದ್ರಾಕ್ಷಿ ದುಡ್ಡು ಕೊಟ್ಟು ತರ್ಬೇಕು. ಅಡುಗೆಮನೆ ದುಡ್ಡು ಫೆಬ್ರವರಿಗೇ ಖಾಲಿ ಆಯ್ತು. ಡಬ್ಬದ ತಳ ಕೆರೆದು ಒಂದು ಮಾಡಿದೀನಿ," ಎಂದು ಅರ್ಲೀನ್ ಒಲೆಯ ಬಾಗಿಲು ಮುಚ್ಚಿದಳು. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ಶಾಲೆ ಖರ್ಚು ಕಡಿತ ಮಾಡಿ ಅನ್ನೋ ಆ ಎಲ್ಡನ್ ಕಡೆಯವರು ಎಷ್ಟು ಜನ ಬಂದಿದಾರೋ?" ಎಂದು ಕೇಳಿದಳು.

ರೂಫಸ್ ಹೋಗಿ ಬಾಗಿಲ ಸಂದಿಯಿಂದ ಸಭೆ ನಡೆಯುವ ಆಟದ ಹಾಲಿಗೆ ಇಣುಕಿದ. ಬ್ಯಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ಮಡಚುವ ಕುರ್ಚಿಗಳು. ಎಣಿಸಿದ. ಎಲ್ಡನ್ ಕಡೆ ಇಪ್ಪತ್ತಮೂರು. ಶಾಲೆ ಕಡೆ, ಅಮ್ಮನೂ ತಾನೂ ಸೇರಿ, ಇಪ್ಪತ್ತು. ಪೊಲಾರ್ಡ್ ರಸ್ತೆಯಿಂದ ಒಬ್ಬರೂ ಇಲ್ಲ.

"ಬಹಳ ಜನ ಏನಿಲ್ಲಮ್ಮ," ಎಂದ.

ಅರ್ಲೀನ್‌ಗೆ ಸುಳ್ಳು ಗೊತ್ತಾಯಿತು. ಬೀನ್ಸಿನ ಪಾತ್ರೆಯನ್ನು ಆಗಬೇಕಾದ್ದಕ್ಕಿಂತ ಜೋರಾಗಿ ಕಲಕಿದಳು.

ವಿಷಯ ಇಷ್ಟೇ. ಈ ಊರಿರುವ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಸಂಬಳದ ಮೇಲೆ ತೆರಿಗೆ ಇಲ್ಲ, ಸಾಮಾನು ಕೊಂಡರೆ ತೆರಿಗೆ ಇಲ್ಲ. ಅದೊಂದು ದೊಡ್ಡ ಹೆಮ್ಮೆ, ಎದೆ ತಟ್ಟಿಕೊಂಡು ಹೇಳುತ್ತಾರೆ. ಹಾಗಾದರೆ ಶಾಲೆ ನಡೆಯುವುದು ಹೇಗೆ? ಮನೆ ತೆರಿಗೆಯಿಂದ. ಕಾಗದದ ಮಿಲ್ಲು ಇರುವವರೆಗೆ ಅದೇ ಅರ್ಧ ಭಾರ ಹೊರುತ್ತಿತ್ತು. ಮಿಲ್ಲು ಮುಚ್ಚಿತು, ಭಾರವೆಲ್ಲ ಮನೆಗಳ ಹೆಗಲಿಗೆ ಬಂತು. ಈ ವರ್ಷ ಶಾಲೆಗೆ ಒಂದು ಲಕ್ಷ ಎಂಬತ್ತು ಸಾವಿರ ಡಾಲರ್ ಕೊರತೆ. ರಾಜ್ಯ ಸರ್ಕಾರ ಕೊಡುತ್ತೇನೆಂದದ್ದನ್ನು ಕೊಡಲಿಲ್ಲ, ಬಹಳ ವಿನಯದ ಒಂದು ಪತ್ರ ಮಾತ್ರ ಕಳಿಸಿತು. ಉಳಿದದ್ದು ಎರಡೇ ದಾರಿ: ಮನೆ ತೆರಿಗೆ ಏರಿಸುವುದು, ಇಲ್ಲವೇ ಕಡಿತ. ಕಡಿತ ಗೆದ್ದರೆ ಮೊದಲು ಮುಚ್ಚುವುದು ಅಡುಗೆಮನೆ ಎಂದು ಶಾಲಾ ಮಂಡಳಿ ಮೊದಲೇ ಬರೆದು ಅಂಟಿಸಿತ್ತು. ಮಕ್ಕಳು ಮನೆಯಿಂದ ತಣ್ಣಗಿನ ಡಬ್ಬಿ ತರಬೇಕು. ಅರ್ಲೀನ್ ಮನೆಗೆ ಹೋಗಬೇಕು.

ಕಡಿತದ ಗೊತ್ತುವಳಿ ತಂದವನು ಎಲ್ಡನ್ ವಿಗಿನ್. ಎಪ್ಪತ್ತೊಂದು ವರ್ಷ, ನಿವೃತ್ತ ಸರ್ವೇಯರ್, ಊರಿನ ನಿಯಮ ಪುಸ್ತಕ ಕೋಟಿನ ಒಳಜೇಬಿನಲ್ಲಿ. ಗುಡ್ಡದ ಮೇಲೆ ಅವನ ಮನೆ. ಕಿಟಕಿಯಿಂದ ಬೆಟ್ಟದ ಸಾಲು ಕಾಣುತ್ತದೆಂದು ತೆರಿಗೆ ಅಧಿಕಾರಿ ಮನೆಯ ಬೆಲೆ ಏರಿಸಿಬಿಟ್ಟಿದ್ದ. ಅಲ್ಲಿ ಅದು ಮಾಮೂಲು, ಚೆಂದದ ನೋಟಕ್ಕೂ ಕಾಸು. ಎಲ್ಡನ್ ಏನು ಮಾಡಿದ? ಕಿಟಕಿ ಮುಂದೆಯೇ ಒತ್ತೊತ್ತಾಗಿ ಇಪ್ಪತ್ತು ಪೈನ್ ಗಿಡ ನೆಟ್ಟ. ಎಂಟು ವರ್ಷದಲ್ಲಿ ಬೆಟ್ಟ ಮಾಯ. ಈಗ ಮಧ್ಯಾಹ್ನ ಎರಡಕ್ಕೇ ಮನೆಯೊಳಗೆ ದೀಪ ಹಾಕಿಕೊಂಡು ಕೂತು, ಉಳಿಸಿದ ತೆರಿಗೆಯನ್ನು ನೆನೆದು ಖುಷಿಪಡುತ್ತಾನೆ. ಕರೆಂಟ್ ಬಿಲ್ಲಿನ ಮಾತು ಅವನೆದುರು ಯಾರೂ ಎತ್ತುವುದಿಲ್ಲ.

ಅಂಥ ಎಲ್ಡನ್‌ಗೆ ಇಡೀ ಶಾಲೆಯಲ್ಲಿ ಇಷ್ಟವಾಗಿದ್ದು ಒಂದೇ. ಅರ್ಲೀನ್ ಮಾಡುವ ಒಣದ್ರಾಕ್ಷಿ ಪೈ.

ಸಭೆ ನಡೆಸುವವಳು ಕಾನ್‌ಸ್ಟನ್ಸ್ ಪೀಸ್ಲಿ, ಹಿಂದೆ ಪೋಸ್ಟ್ ಆಫೀಸಿನಲ್ಲಿದ್ದವಳು. ಅವಳ ಮರದ ಸುತ್ತಿಗೆ ಬಿತ್ತೆಂದರೆ ನಾಯಿಯೂ ಬೊಗಳುವುದಿಲ್ಲ. ಬಂದವರಿಗೆಲ್ಲ ಅವಳು ಓಟು ಹಾಕಲು ಒಂದು ಗುಲಾಬಿ ಕಾರ್ಡು, ಸಭೆಯ ನಿಯಮಗಳಿರುವ ಒಂದು ಹಳದಿ ಹಾಳೆ ಕೊಟ್ಟಳು. ಆ ಹಳದಿ ಹಾಳೆಯನ್ನು ಹತ್ತೊಂಬತ್ತು ವರ್ಷದ ಹಿಂದೆ ಬರೆದುಕೊಟ್ಟವನು ಎಲ್ಡನ್ನೇ. ಅವತ್ತಿನಿಂದ ಊರಿನವರು ಅದನ್ನು ಊಟವಾದ ಮೇಲೆ ಬಾಯಿ ಒರೆಸಿಕೊಳ್ಳಲು ಬಳಸುತ್ತಾ ಬಂದಿದ್ದಾರೆ.

ಎಲ್ಡನ್ ಗೊತ್ತುವಳಿ ಓದಿದ. ಚರ್ಚೆ ಶುರುವಾಯಿತು. ಒಬ್ಬ ತನ್ನ ಕಾಲದಲ್ಲಿ ಪೆನ್ಸಿಲ್ ಒಂದನ್ನು ಮೂರು ತುಂಡು ಮಾಡಿ ಅಣ್ಣ ತಮ್ಮ ಹಂಚಿಕೊಳ್ಳುತ್ತಿದ್ದೆವು ಅಂದ. ಇನ್ನೊಬ್ಬ ಪೆನ್ಸಿಲ್ಲೇ ಇರಲಿಲ್ಲ ಅಂದ. ಮೂರನೆಯವನು ಇನ್ನೇನು ಅಣ್ಣ ತಮ್ಮಂದಿರೇ ಇರಲಿಲ್ಲ ಅನ್ನುತ್ತಿದ್ದ, ಸುತ್ತಿಗೆ ಬಿತ್ತು.

ಆಮೇಲೆ ಎದ್ದವಳು ಥಿಯೋಡೋರಾ ಸ್ಟಿಕ್ನಿ, ಎಂಬತ್ತನಾಲ್ಕು ವರ್ಷದ ಅಜ್ಜಿ, ಪೇಟೆ ಬೀದಿಯಲ್ಲಿ ಒಂಟಿ ಮನೆ.

"ನನಗೆ ಮಕ್ಕಳ ಮೇಲೆ ಕೋಪ ಇಲ್ಲಪ್ಪ. ಪಿಂಚಣಿ ಇಷ್ಟೇ ಬರುತ್ತೆ, ತೆರಿಗೆ ಅಷ್ಟಾಗುತ್ತೆ. ಹೋದ ತಿಂಗಳು ಎಣ್ಣೆ ಹೀಟರ್ ಆಫ್ ಮಾಡಿ ಕಂಬಳಿ ಹೊದ್ಕೊಂಡು ಕೂತಿದ್ದೆ. ಇನ್ನೇನು ಹೇಳ್ಲಿ?" ಎಂದು ಹೇಳಿ ಕೂತಳು.

ರೂಫಸ್ ತಲೆ ತಗ್ಗಿಸಿ ಕೈಲಿದ್ದ ಹಳದಿ ಹಾಳೆಯನ್ನು ನೋಡಿದ. ನೋಡಲು ಬೇರೇನೂ ಇಲ್ಲದ್ದರಿಂದ ಓದಿದ. ಬಹುಶಃ ಊರಿನ ಇತಿಹಾಸದಲ್ಲೇ ಆ ಹಾಳೆ ಓದಿದ ಎರಡನೆಯವನು ಅವನೇ.

ಒಂಬತ್ತನೇ ನಿಯಮ. ಒಮ್ಮೆ ತೀರ್ಮಾನವಾದ ವಿಷಯವನ್ನು ಅದೇ ದಿನ, ಸಭೆ ಮುಗಿಯುವುದರೊಳಗೆ, ಮತ್ತೆ ಓಟಿಗೆ ತರಬಹುದು. ಆದರೆ ಹಾಗೆ ಕೇಳುವವನು ಗೆದ್ದ ಕಡೆ ಓಟು ಹಾಕಿದವನಾಗಿರಬೇಕು. ಹತ್ತನೇ ನಿಯಮ. ತೀರ್ಮಾನಕ್ಕೆ ಬೀಗ ಹಾಕುವ ಗೊತ್ತುವಳಿ ಪಾಸಾದರೆ ಅವತ್ತು ಮತ್ತೆ ತೆರೆಯುವಂತಿಲ್ಲ.

ಬೀಗದ ವಿಷಯ ರೂಫಸ್‌ಗೆ ಗೊತ್ತಿತ್ತು. ಪ್ರತಿ ವರ್ಷ ತಾನು ಗೆದ್ದ ಮರುಕ್ಷಣವೇ ಎಲ್ಡನ್ ಎದ್ದು "ಬೀಗ!" ಅನ್ನುತ್ತಿದ್ದ, ಅವನ ಕಡೆಯವರು ಕಾರ್ಡು ಎತ್ತುತ್ತಿದ್ದರು. ಹತ್ತು ಸೆಕೆಂಡಿನ ಕೆಲಸ.

ರೂಫಸ್ ಗೋಡೆಯ ಗಡಿಯಾರ ನೋಡಿದ. ಹನ್ನೊಂದು ನಲವತ್ತೈದು. ಹನ್ನೆರಡು ಹೊಡೆದರೆ ಕಾನ್‌ಸ್ಟನ್ಸ್ ಒಂದು ಗಂಟೆ ಹೊತ್ತು ಊಟಕ್ಕೆ ಬಿಡುತ್ತಾಳೆ, ಆಕಾಶವೇ ಕಳಚಿ ಬಿದ್ದರೂ. ಅಡುಗೆಮನೆಯಲ್ಲಿ ಒಂದೇ ಒಣದ್ರಾಕ್ಷಿ ಪೈ. ಹೊರಗೆ ಲಾರಿ. ಪೊಲಾರ್ಡ್ ರಸ್ತೆಯಲ್ಲಿ ಹದಿನಾಲ್ಕು ಮನೆ. ತಲೆಯೊಳಗೆ ಎಲ್ಲೋ ಒಂದು ಹಿನ್ನೆಲೆ ಸಂಗೀತ ಶುರುವಾಯಿತು. ಅಮ್ಮನಿಗೆ ಹೇಳಿಬಿಡಲೇ ಅಂದುಕೊಂಡ. ಬೇಡ. ಅಮ್ಮನ ಮುಖವೇ ಸಿನಿಮಾ ಪೋಸ್ಟರು. ಒಳಗೇನಿದೆಯೋ ಅದೆಲ್ಲ ದೊಡ್ಡಕ್ಷರದಲ್ಲಿ ಹೊರಗೆ ಕಾಣುತ್ತದೆ.

ಎದ್ದು ನಿಂತ. "ಮೇಡಂ, ನಾನೂ ಎರಡು ಮಾತಾಡ್ಬೋದಾ?"

"ಎರಡೇ ಆಗಿರ್ಲಿ ರೂಫಸ್," ಎಂದಳು ಕಾನ್‌ಸ್ಟನ್ಸ್.

"ನಾನು ಎಲ್ಡನ್ ಅವರ ಗೊತ್ತುವಳಿಗೆ ಬೆಂಬಲ ಕೊಡ್ತೀನಿ."

ತಲೆಗಳೆಲ್ಲ ಅವನ ಕಡೆ ತಿರುಗಿದವು. ಅಡುಗೆಮನೆ ಬಾಗಿಲಲ್ಲಿ ಅರ್ಲೀನ್, ಕೈಯಲ್ಲಿ ಸೌಟು, ಬಾಯಿ ತೆರೆದೇ ಇತ್ತು.

"ನೋಡಿ ಸ್ವಾಮಿ," ರೂಫಸ್ ಕಾಲು ಅಗಲಿಸಿ, ಸೊಂಟದಲ್ಲಿ ಪಿಸ್ತೂಲು ಇರುವವನ ಹಾಗೆ ನಿಂತ. "ಈ ಶಾಲೆ ನನಗೆ ಓದು ಕೊಡ್ತು. ಏನಾದೆ? ಹಿಮ ತಳ್ಳೋನಾದೆ. ಹಿಮ ತಳ್ಳೋಕೆ ಗುಣಾಕಾರ ಬೇಕಾ? ಹಿಮ ಏನಾದ್ರೂ ನನ್ನ ಭೂಪಟ ಬಿಡಿಸು ಅಂತ ಕೇಳುತ್ತಾ? ಇನ್ನು ಬಿಸಿ ಊಟ! ಆರು ವರ್ಷ ತಿಂದೆ. ಪರಿಣಾಮ ಕಣ್ಣೆದುರೇ ಇದೆ, ಯಾವ ಬಾಗಿಲಲ್ಲೂ ತೂರಲ್ಲ. ಅದೇ ತಣ್ಣಗಿನ ಬ್ರೆಡ್ಡು ತಿಂದಿದ್ರೆ ಚಿಕ್ಕದಾಗಿ, ಚೊಕ್ಕವಾಗಿ, ಕಮ್ಮಿ ಬಟ್ಟೇಲಿ ಬೆಳೀತಿದ್ದೆ. ಊರಿಗೆಷ್ಟು ಉಳಿತಾಯ!"

"ನಿಜ, ನಿಜ," ಎಂದ ಮುಂದಿನ ಸಾಲಿನವನೊಬ್ಬ, ಬಹಳ ಗಂಭೀರವಾಗಿ.

ಇವರಿಗೆ ವ್ಯಂಗ್ಯ ತಟ್ಟುತ್ತಿಲ್ಲ ಎಂದು ಗೊತ್ತಾದೊಡನೆ ರೂಫಸ್‌ನ ಹುರುಪು ಏರಿತು.

"ನಾನಂತೂ ಅಡುಗೆಮನೆಗೇ ನಿಲ್ಲಿಸ್ಬೇಡಿ ಅಂತೀನಿ. ಹೀಟರ್ ಯಾಕೆ? ಮಕ್ಕಳನ್ನ ಹತ್ತಿರ ಹತ್ತಿರ ಕೂರ್ಸಿ, ತಾವೇ ಬೆಚ್ಚಗಾಗ್ತವೆ. ಲೈಟ್ ಯಾಕೆ? ಎಲ್ಡನ್ ಅವರ ಮನೇಲಿ ಹಗಲೇ ಕತ್ತಲು. ಅವರಿಗೇನು ಕಮ್ಮಿ ಆಗಿದೆ? ಗಂಟೆ ಯಾಕೆ ಬಾರಿಸ್ಬೇಕು? ಹೇಗೂ ಕಾನ್‌ಸ್ಟನ್ಸ್ ಮೇಡಂ ಸುತ್ತಿಗೆ ಇದೆ. ಮಕ್ಕಳು ಇರೋದ್ರಿಂದ್ಲೇ ಅಲ್ವಾ ಶಾಲೆಗೆ ಖರ್ಚು? ಅದನ್ನೂ ಸ್ವಲ್ಪ ಯೋಚನೆ ಮಾಡಿ ಅಂತ ಕೈ ಮುಗಿದು ಕೇಳ್ಕೊತೀನಿ."

ಚಪ್ಪಾಳೆ. ಎಲ್ಡನ್ ಕಣ್ಣಿನಲ್ಲಿ ನೀರು ಜಿನುಗುವುದೊಂದು ಬಾಕಿ. ರೂಫಸ್ ನಿಲ್ಲಿಸಲಿಲ್ಲ. ಮಿಲ್ಲಿನ ಕಾಲಕ್ಕೆ ಹೋದ, ಅಲ್ಲಿಂದ ತನ್ನ ತಾತನ ಕತ್ತೆಯ ಕಥೆಗೆ ಹಾರಿದ, ಕತ್ತೆ ಶಾಲೆಗೆ ಹೋಗದೆಯೇ ಎಷ್ಟು ಮರ್ಯಾದೆಯಿಂದ ಬದುಕಿತು ಎಂದು ವಿವರಿಸಿದ. ಹನ್ನೊಂದು ಐವತ್ತನಾಲ್ಕು. ಕಾನ್‌ಸ್ಟನ್ಸ್ ಸುತ್ತಿಗೆ ಎತ್ತಿದಳು.

"ಕತ್ತೆ ಸತ್ತಿತಲ್ಲ? ಕೂತ್ಕೊ."

ಓಟು. ಕಡಿತಕ್ಕೆ ಒಪ್ಪುವವರು ಕಾರ್ಡು ಎತ್ತಿ. ರೂಫಸ್ ತನ್ನ ಗುಲಾಬಿ ಕಾರ್ಡನ್ನು ಎತ್ತಿದ. ಅರ್ಲೀನ್ ಹಾಲಿನ ಆ ಬದಿಯಿಂದ ಅವನನ್ನೇ ನೋಡುತ್ತಿದ್ದಳು. ಸಿನಿಮಾದಲ್ಲಾದರೆ ಇಂಥ ಜಾಗದಲ್ಲಿ ಹೀರೋ ಕ್ಯಾಮೆರಾ ಕಡೆ ಒಂದು ಕಣ್ಣು ಹೊಡೆಯುತ್ತಾನೆ. ಹೊಡೆಯೋಣವೆಂದರೆ ರೂಫಸ್‌ನ ಕಣ್ಣು ಮಿಸುಕಲೇ ಇಲ್ಲ. ಬೇಡವೆನ್ನುವವರು ಕಾರ್ಡು ಎತ್ತಿ ಎಂದಾಗ ಅರ್ಲೀನ್ ತನ್ನ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿದಳು. ಅದರ ತುಂಬ ಹಿಟ್ಟಿತ್ತು.

"ಪರ ಇಪ್ಪತ್ತನಾಲ್ಕು. ವಿರೋಧ ಹತ್ತೊಂಬತ್ತು. ಗೊತ್ತುವಳಿ ಪಾಸಾಗಿದೆ," ಎಂದಳು ಕಾನ್‌ಸ್ಟನ್ಸ್. ಹನ್ನೊಂದು ಐವತ್ತೊಂಬತ್ತು.

ಎಲ್ಡನ್ ಗಂಟಲು ಸರಿಮಾಡಿಕೊಳ್ಳುತ್ತಾ ಎದ್ದ. ಕೈ ಒಳಜೇಬಿಗೆ ಹೋಯಿತು.

ರೂಫಸ್ ಹಾಲಿನ ಈ ತುದಿಯಿಂದ ಕೂಗಿದ: "ಅಮ್ಮಾ! ಒಣದ್ರಾಕ್ಷಿ ಪೈ ಎಷ್ಟಿದೆ?"

ಅರ್ಲೀನ್ ಸಿಟ್ಟಿನಲ್ಲಿ ಆ ತುದಿಯಿಂದ ಅದಕ್ಕಿಂತ ಜೋರಾಗಿ ಕೂಗಿದಳು: "ಒಂದೇ! ಎಂಟು ತುಂಡು! ನಿನಗೆ ಒಂದೂ ಇಲ್ಲ!"

ಇಪ್ಪತ್ತು ಕುರ್ಚಿ ಒಟ್ಟಿಗೆ ಕಿರ್ರೆಂದವು. ಎಲ್ಡನ್ ನಿಂತೇ ಇದ್ದ, ಬಾಯಿ ಅರ್ಧ ತೆರೆದಿತ್ತು. ಬೀಗ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕಣ್ಣು ಮಾತ್ರ ಅಡುಗೆಮನೆ ಬಾಗಿಲ ಕಡೆ. ಆಗಲೇ ನಾಲ್ವರು ಸಾಲಿನಲ್ಲಿದ್ದರು. ಐವರು. ಆರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಎಲ್ಡನ್ ವಿಗಿನ್ ನಿಯಮಕ್ಕಿಂತ ದೊಡ್ಡದು ಇನ್ನೊಂದಿದೆ ಎಂದು ಒಪ್ಪಿಕೊಂಡ. ಊಟವಾದ ಮೇಲೆ ಹಾಕಿದರಾಯಿತು, ಬೀಗ ಎಲ್ಲಿ ಓಡಿ ಹೋಗುತ್ತೆ? ಗಡಿಯಾರ ಹನ್ನೆರಡು ತೋರಿಸಿತು, ಸುತ್ತಿಗೆ ಬಿತ್ತು, ಎಲ್ಡನ್ ಏಳನೆಯವನಾಗಿ ಸಾಲಿಗೆ ಸೇರಿದ.

ಇಂಟರ್ವಲ್.

ರೂಫಸ್ ಸಾಲು ತಪ್ಪಿಸಿ ಅಡುಗೆಮನೆ ಮೂಲಕ ಹೊರಗೆ ಹೋಗುವವನಿದ್ದ. ಅರ್ಲೀನ್ ಅಡ್ಡ ನಿಂತಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎರಡು ಒಣ ಬ್ರೆಡ್ಡಿನ ತುಂಡನ್ನು ಕಾಗದದಲ್ಲಿ ಸುತ್ತಿ ಅವನ ಕೈಗಿಟ್ಟಳು.

"ತಗೋ. ತಣ್ಣಗಿನ ಊಟ. ನೀನೇ ಗೆಲ್ಸಿದ್ದು."

"ಅಮ್ಮ, ಒಂದು ಗಂಟೆ ಟೈಮ್ ಕೊಡು..."

"ಇಪ್ಪತ್ತಮೂರು ವರ್ಷ ಕೊಟ್ಟೆ ಕಣೋ. ದಾರಿ ಬಿಡು, ಬೀನ್ಸ್ ತಳ ಹಿಡೀತಿದೆ."

ಅವಳೇ ದಾರಿಗೆ ಅಡ್ಡ ನಿಂತಿದ್ದಳು ಎಂಬುದನ್ನು ನೆನಪಿಸುವ ಧೈರ್ಯ ರೂಫಸ್‌ಗೆ ಬರಲಿಲ್ಲ.

ಲಾರಿ ಹತ್ತಿ ಟಾನ್ಸಿ ಡುಫೋರ್‌ಗೆ ಫೋನ್ ಹಚ್ಚಿದ. ಪೊಲಾರ್ಡ್ ರಸ್ತೆಯ ಮೊದಲನೇ ಮನೆ, ಮೂರು ಮಕ್ಕಳ ತಾಯಿ, ಬಾಯಿಯೂ ಮೂರು ಜನರಷ್ಟು.

"ಏನ್ ಗುರು, ಈಗ ನೆನಪಾಯ್ತಾ ನಮ್ಮ ರಸ್ತೆ?" ಎಂದಳು ಟಾನ್ಸಿ. "ಬೆಳಿಗ್ಗೆಯಿಂದ ಸಲಿಕೆ ಹಿಡ್ಕೊಂಡು ಸಾಯ್ತಿದೀವಿ. ಕೆರೆ ಹತ್ರ ಅಳಿಲುಗಳು ಕ್ಷೇಮನಾ?"

"ಎಲ್ಲಾ ಕ್ಷೇಮ, ನಿಮ್ಮನ್ನ ಕೇಳಿದ್ವಿ ಅಂತ ಹೇಳು ಅಂದ್ವು. ಟಾನ್ಸಿ, ಹತ್ತು ನಿಮಿಷದಲ್ಲಿ ನಾನು ಅಲ್ಲಿರ್ತೀನಿ. ಹದಿನಾಲ್ಕೂ ಮನೆ ಬಾಗಿಲು ತಟ್ಟು. ಮನೆಗೊಬ್ರು ಓಟು ಹಾಕೋರು ಹೊರಡ್ಬೇಕು, ಉಳಿದೋರು ಮಕ್ಕಳನ್ನ ನೋಡ್ಕೊಳ್ಲಿ. ಎಲ್ರೂ ಗಾಡಿ ಸ್ಟಾರ್ಟ್ ಮಾಡ್ಕೊಂಡಿರಿ. ನಾನು ಮುಂದೆ, ನೀವು ಹಿಂದೆ."

"ಓಟು ಆಗಿಲ್ವಾ ಇನ್ನೂ?"

"ಆಯ್ತು. ಸೋತ್ವಿ. ಅದಕ್ಕೇ ಬನ್ನಿ ಅಂತಿರೋದು."

"ಕುಡಿದಿದೀಯಾ?"

"ಊಟಾನೇ ಮಾಡಿಲ್ಲ ಮಾರಾಯ್ತಿ."

ಪೊಲಾರ್ಡ್ ರಸ್ತೆ ಎರಡು ಮೈಲಿ. ರೂಫಸ್ ಲಾರಿಯ ಮುಂದಿದ್ದ ಹಿಮ ತಳ್ಳುವ ಹಲಗೆ ಇಳಿಸಿ ನುಗ್ಗಿದ. ಹಿಮ ಎರಡೂ ಕಡೆಗೆ ಅಲೆಯಂತೆ ಹಾರಿತು. ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದು ಕೈಯಲ್ಲಿ ಒಣ ಬ್ರೆಡ್ಡು. ನಿಜಕ್ಕೂ ಕೆಟ್ಟದಾಗಿತ್ತು. ಇದನ್ನು ದಿನಾ ತಿನ್ನುವ ಆರು ವರ್ಷದ ಮಗುವಿನ ಮುಖ ಒಂದು ಸಲ ಕಣ್ಣ ಮುಂದೆ ಬಂತು, ಹಲಗೆಯನ್ನು ಇನ್ನೂ ಒಂದಿಂಚು ಇಳಿಸಿದ. ತುದಿಯವರೆಗೆ ಹೋಗಿ ತಿರುಗಿಸಿಕೊಂಡು ಬರುವಾಗ ಕನ್ನಡಿಯಲ್ಲಿ ನೋಡಿದ. ಹಿಂದೆ ಒಂದರ ಹಿಂದೊಂದು ಗಾಡಿ, ಎಲ್ಲಕ್ಕೂ ದೀಪ ಹಾಕಿತ್ತು. ಮದುವೆ ದಿಬ್ಬಣದ ಹಾಗೆ. ಟಾನ್ಸಿ ಹಾರ್ನ್ ಬೇರೆ ಬಾರಿಸುತ್ತಿದ್ದಳು.

ಒಂದು ಗಂಟೆಗೆ ಎರಡು ನಿಮಿಷ ಇರುವಾಗ ಹಾಲಿನ ಬಾಗಿಲು ತೆರೆಯಿತು. ಬೂಟಿನಿಂದ ಹಿಮ ಉದುರಿಸುತ್ತಾ ಹದಿನಾಲ್ಕು ಜನ ಸಾಲಾಗಿ ಒಳಗೆ ಬಂದು, ಹೆಸರು ಹೇಳಿ, ಗುಲಾಬಿ ಕಾರ್ಡು ತೆಗೆದುಕೊಂಡು ಕೂತರು. ಎಲ್ಡನ್ ಕಡೆಯ ಐದು ಜನ ಅಷ್ಟರಲ್ಲಿ ಮನೆಗೆ ಹೋಗಿ ಕಾಲು ಚಾಚಿದ್ದರು. ಗೆದ್ದಾಯಿತು, ಉಂಡಾಯಿತು, ಇನ್ನೇನು ಉಳಿದಿದೆ ಅಂತ. ಎಲ್ಡನ್‌ನ ಗಲ್ಲದ ಮೇಲೊಂದು ಒಣದ್ರಾಕ್ಷಿ ಅಂಟಿಕೊಂಡಿತ್ತು. ಬಾಗಿಲ ಕಡೆ ನೋಡುತ್ತಿದ್ದಂತೆ ಅವನ ಮುಖ ನಿಧಾನಕ್ಕೆ ಬದಲಾಯಿತು. ಒಂದಕ್ಕೆ ಸುತ್ತಿಗೆ ಬಿದ್ದದ್ದೇ ಅವನೂ ರೂಫಸ್ಸೂ ಒಟ್ಟಿಗೆ ಎದ್ದರು.

"ಬೀಗ!" ಎಂದ ಎಲ್ಡನ್.

"ಮರು ಓಟು!" ಎಂದ ರೂಫಸ್.

"ರೂಫಸ್ ಅರ್ಧ ಸೆಕೆಂಡ್ ಮುಂಚೆ ಎದ್ದ, ನಾನು ನೋಡಿದೆ," ಎಂದಳು ಕಾನ್‌ಸ್ಟನ್ಸ್. "ಏನಪ್ಪ?"

"ಮೇಡಂ, ಒಂಬತ್ತನೇ ನಿಯಮದ ಪ್ರಕಾರ ಕಡಿತದ ಗೊತ್ತುವಳಿಯನ್ನ ಮತ್ತೆ ಓಟಿಗೆ ಹಾಕ್ಬೇಕು."

"ಅವನಿಗೆ ಹಕ್ಕಿಲ್ಲ!" ಎಲ್ಡನ್ ಗುಡುಗಿದ. "ಗೆದ್ದ ಕಡೆಯೋರು ಮಾತ್ರ ಕೇಳ್ಬೋದು!"

"ಸಾಹೇಬ್ರೆ," ಎಂದ ರೂಫಸ್, ಈ ಒಂದು ಸಾಲಿಗಾಗಿಯೇ ಬೆಳಗಿನಿಂದ ಬದುಕಿದ್ದವನಂತೆ. "ನಾನು ಗೆದ್ದಿದ್ದೇ ನಿಮ್ಮ ಜೊತೆ."

ಅಡುಗೆಮನೆಯೊಳಗೆ ಯಾವುದೋ ಪಾತ್ರೆ ಢಣಾರೆಂದು ಕೆಳಗೆ ಬಿತ್ತು.

ಎಲ್ಡನ್ ಪುಸ್ತಕ ತೆಗೆದ, ಪುಟ ತಿರುವಿದ. "ಡೀಸೆಲ್!" ಎಂದ. "ಊರಿನ ಲಾರಿ! ಓವರ್‌ಟೈಮ್ ಇಲ್ಲದೆ ಹೇಗೆ ಓಡಿಸ್ದ? ಯಾರ ಡೀಸೆಲ್ ಅದು?"

ಟಾನ್ಸಿ ಎದ್ದು ಬಂದು ಇಪ್ಪತ್ತು ಡಾಲರಿನ ನೋಟನ್ನು ಕಾನ್‌ಸ್ಟನ್ಸ್ ಮೇಜಿನ ಮೇಲಿಟ್ಟಳು. "ಇದು ಡೀಸೆಲ್‌ಗೆ. ಚಿಲ್ಲರೆ ಉಳಿದ್ರೆ ಎಲ್ಡನ್ ಅವ್ರಿಗೆ ಒಂದು ಬಲ್ಬ್ ತಗೊಡಿ, ಪಾಪ ಕತ್ತಲಲ್ಲಿ ಕೂತಿರ್ತಾರೆ."

"ಲಾರಿ ವಿಚಾರ ಬೇರೆ ದಿನ. ಎಲ್ಡನ್, ಈ ಹಳದಿ ಹಾಳೆ ಬರೆದಿದ್ದು ನೀನೇ ಅಲ್ವಾ?" ಎಂದಳು ಕಾನ್‌ಸ್ಟನ್ಸ್. "ಬಹಳ ಚೆನ್ನಾಗಿ ಬರೆದಿದೀಯ. ಗಲ್ಲ ಒರೆಸ್ಕೊ."

ಕಡಿತಕ್ಕೆ ಹದಿನೆಂಟು. ಬೇಡ ಎಂದವರು ಮೂವತ್ತನಾಲ್ಕು. ಥಿಯೋಡೋರಾ ಅಜ್ಜಿಯ ಕಾರ್ಡು ಈ ಸಲವೂ ಕಡಿತದ ಕಡೆಗೇ ಏರಿತು. ರೂಫಸ್ ಅದನ್ನು ನೋಡಿದ, ನೋಡದ ಹಾಗೆ ಇರಲು ಆಗಲಿಲ್ಲ. ಶಾಲೆಯ ಬಜೆಟ್ಟು ಇದ್ದ ಹಾಗೆಯೇ ಪಾಸಾಯಿತು. ಅಡುಗೆಮನೆ ಉಳಿಯಿತು. ಮನೆ ತೆರಿಗೆ ಏರಿತು, ಅರ್ಲೀನ್‌ನ ಮನೆಯದೂ ಸೇರಿ. ಎಲ್ಡನ್ ಬಾಯಿ ತೆರೆಯುವ ಮೊದಲೇ ರೂಫಸ್ ಎದ್ದು "ಬೀಗ" ಎಂದ. ಬೀಗ ಬಿತ್ತು.

ಸಿನಿಮಾ ಆಗಿದ್ದರೆ ಇಲ್ಲಿಗೆ ಶುಭಂ. ಆದರೆ ಕಾರ್ಯಸೂಚಿಯಲ್ಲಿ ಇನ್ನೂ ಒಂದು ವಿಷಯ ಬಾಕಿಯಿತ್ತು. ಬಜೆಟ್ ಸಮಿತಿಗೆ ಒಬ್ಬ ಸದಸ್ಯ ಬೇಕು. ಅವಧಿ ಮೂರು ವರ್ಷ, ವಾರಕ್ಕೊಂದು ಸಭೆ, ಸಂಬಳ ಸೊನ್ನೆ. ಆ ಕುರ್ಚಿಗೆ ಯಾರೂ ಮುಂದೆ ಬರುವುದಿಲ್ಲ. ಆ ವಿಷಯ ಬಂದಾಗ ಊರಿನವರೆಲ್ಲ ಬೂಟಿನ ಲೇಸು ಕಟ್ಟಿಕೊಳ್ಳುತ್ತಾರೆ.

ಎಲ್ಡನ್ ಮೆಲ್ಲಗೆ ಎದ್ದ. ಗಲ್ಲ ಒರೆಸಿಕೊಂಡಿದ್ದ.

"ನಾನು ರೂಫಸ್ ಲಬಾಂಟೆ ಹೆಸರನ್ನ ಸೂಚಿಸ್ತೀನಿ. ಉಳಿತಾಯದ ಮೇಲೆ ಎಂಥಾ ಭಾಷಣ ಮಾಡಿದ ಇವತ್ತು! ನಿಯಮ ಓದೋ ಅಭ್ಯಾಸನೂ ಇದೆ."

"ಅಯ್ಯೋ, ಅದು ತಮಾಷೆಗೆ..." ರೂಫಸ್ ಅರ್ಧ ಎದ್ದ.

"ನನ್ನ ಅನುಮೋದನೆ ಇದೆ," ಎಂದಿತು ಹಿಂದಿನಿಂದ ಒಂದು ನಡುಗುವ ದನಿ. ಥಿಯೋಡೋರಾ ಅಜ್ಜಿ. "ನೀನು ಶಾಲೆ ಉಳಿಸ್ದೆ ಮಗು, ಬಹಳ ಸಂತೋಷ. ಈಗ ನನ್ನ ಹೀಟರ್ ಎಣ್ಣೆಗೆ ಎಲ್ಲಿಂದ ಉಳಿಸ್ತೀಯ ಅಂತ ಆ ಸಮಿತೀಲಿ ಕೂತ್ಕೊಂಡು ಹುಡುಕು."

ಐವತ್ತೊಂದು ಗುಲಾಬಿ ಕಾರ್ಡು ಒಮ್ಮೆಲೇ ಮೇಲೆದ್ದವು. ಅದರಲ್ಲಿ ಹಿಟ್ಟು ಮೆತ್ತಿದ್ದೂ ಒಂದಿತ್ತು. ಇಡೀ ದಿನದಲ್ಲಿ ಊರು ಒಮ್ಮತದಿಂದ ತೀರ್ಮಾನಿಸಿದ್ದು ಇದೊಂದನ್ನೇ.

"ಬೀಗ," ಎಂದ ಎಲ್ಡನ್, ಬಹಳ ಮೃದುವಾಗಿ.

ಸಭೆ ಮುಗಿದ ಮೇಲೆ ರೂಫಸ್ ಅಡುಗೆಮನೆಗೆ ಬಂದಾಗ ಅರ್ಲೀನ್ ಸಿಂಕಿನ ಮುಂದೆ ಬೆನ್ನು ಹಾಕಿ ನಿಂತಿದ್ದಳು. ಪಾತ್ರೆಗಳು ಗುಡ್ಡ ಬಿದ್ದಿದ್ದವು.

"ಮೊದಲೇ ಹೇಳೋಕೇನಾಗಿತ್ತೋ ನಿನಗೆ?"

"ಹೇಳಿದ್ರೆ ನಿನ್ನ ಮುಖ ಊರಿಗೆಲ್ಲ ಹೇಳ್ಬಿಡ್ತಿತ್ತು."

ಅರ್ಲೀನ್ ತಿರುಗಿದಳು. ಮುಖದಲ್ಲಿ ಏನೇನೋ ಒಟ್ಟಿಗೆ ಬರೆದಿತ್ತು, ಎಲ್ಲವೂ ದೊಡ್ಡಕ್ಷರದಲ್ಲೇ. ಸೌಟಿನಿಂದ ಅವನ ಭುಜಕ್ಕೊಂದು ಕೊಟ್ಟಳು, ಮೆಲ್ಲಗೇನಲ್ಲ.

"ಇದು ನಿನ್ನ ಭಾಷಣಕ್ಕೆ. ಎಲ್ಲಾನೂ ನಡಾವಳಿ ಪುಸ್ತಕದಲ್ಲಿ ಬರ್ಕೊಂಡಿದಾರೆ ಕಣೋ. ಅಮ್ಮನ ಅಡುಗೆಮನೆ ಮುಚ್ಚಿ ಅಂತ ಮಗ ಒಂಬತ್ತು ನಿಮಿಷ ಮಾತಾಡಿದ ಅಂತ ನಾನು ಸತ್ತ ಮೇಲೂ ಇರುತ್ತೆ ಅದು."

"ಕತ್ತೆ ಕಥೆನೂ ಬರ್ಕೊಂಡಿದಾರಾ?"

"ಅದಕ್ಕೇ ಒಂದು ಪುಟ ಆಗಿದೆ."

ಆಮೇಲೆ ಅವಳು ಒಲೆಯೊಳಗಿಂದ, ಬಟ್ಟೆ ಮುಚ್ಚಿಟ್ಟಿದ್ದ ತಟ್ಟೆಯೊಂದನ್ನು ತೆಗೆದು ಅವನ ಮುಂದೆ ತಳ್ಳಿದಳು. ಬಿಸಿ ಬೀನ್ಸು. ಪಕ್ಕದಲ್ಲಿ ಒಣದ್ರಾಕ್ಷಿ ಪೈಯ ಒಂದು ತುಂಡು.

ರೂಫಸ್ ತಟ್ಟೆಯನ್ನೂ ಅಮ್ಮನನ್ನೂ ನೋಡಿದ. "ಎಂಟೇ ತುಂಡು ಅಂದೆ, ಸಾಲಲ್ಲಿ ಎಂಟು ಜನ ತಗೊಂಡ್ರು."

"ಎಲ್ಡನ್‌ಗೆ ಕೊಟ್ಟಿದ್ದು ಅರ್ಧ ತುಂಡು. ಅವನ ಹಿಂದಿನೋನಿಗೂ ಅರ್ಧ. ಕಡಿತ ಗೆದ್ದಿತ್ತಲ್ಲ ಆಗ," ಎಂದಳು ಅರ್ಲೀನ್. "ತಿಂದು ಪಾತ್ರೆ ತೊಳಿ. ಮಂಗಳವಾರ ಸಮಿತಿ ಸಭೆ ಅಂತೆ, ಎಲ್ಡನ್ ಮನೇಲಿ. ಟಾರ್ಚ್ ತಗೊಂಡ್ ಹೋಗು."